ಹೆಸರೇ ಜಾಮೀನು

ಶನಿವಾರ ಬೆಳಿಗ್ಗೆ, ಡಲ್ಲಾಸಿನ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ರೇಷ್ಮೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ. ಅಂಚಿನ ಹಂಸಗಳು ಬಿಸಿ ತಾಳಲಾರದೆ ಎದ್ದು ಕಿಟಕಿಯಿಂದ ಹಾರಿಹೋದರೆ ಬರೀ ಒಡಲು ಉಟ್ಟುಕೊಂಡು ಹೋಗಬೇಕಾಗುತ್ತದಲ್ಲ ಎಂದು ಯೋಚಿಸುತ್ತಿದ್ದಾಗ ಫೋನ್ ಬಂತು. ರಿಷಭ್. ಆಸ್ಟಿನ್ನಿನಲ್ಲಿ ನನ್ನ ತಮ್ಮ ತಿರುಮಲನ ರೂಮ್‌ಮೇಟ್.

"ನಿಶಿತಕ್ಕಾ, ಡ್ರೈವ್ ಮಾಡ್ತಿಲ್ಲ ತಾನೇ?"

"ಇಲ್ವಲ್ಲ, ಸೀರೆ ಇಸ್ತ್ರಿ ಮಾಡ್ತಿದೀನಿ. ಯಾಕೋ?"

"ಹಾಗಾದ್ರೆ ಇಸ್ತ್ರಿ ಆಫ್ ಮಾಡಿ. ತಿರುಮಲನ್ನ ನಿನ್ನೆ ಪೊಲೀಸರು ಕರ್ಕೊಂಡು ಹೋಗಿದಾರೆ. ಜೈಲಲ್ಲಿದಾನೆ."

ಇಸ್ತ್ರಿ ಆಫ್ ಮಾಡಿದೆ. ಕೈ ಮಾತ್ರ ಇನ್ನೂ ಅದನ್ನೇ ಹಿಡಿದುಕೊಂಡಿತ್ತು.

"ಏನ್ಮಾಡಿದ? ಯಾರನ್ನಾದ್ರೂ ಹೊಡೆದನಾ?"

"ಅವನು ಸೊಳ್ಳೇನೂ ಹೊಡೆಯಲ್ಲ ಅಕ್ಕ. ಹೆಸರು ಹೇಳಿದ, ಅಷ್ಟೇ."

ತಿರುಮಲ ನನ್ನ ಚಿಕ್ಕಮ್ಮನ ಮಗ. ಅವನು, ಅವನ ಅಕ್ಕ ರಮಾ, ನಾನು, ಮೂವರೂ ಮೈಸೂರಿನಲ್ಲಿ ಚಂದ್ರಮ್ಮಜ್ಜಿಯ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಕಥೆ ಕೇಳಿ ಬೆಳೆದವರು. ರಮಕ್ಕ ಮದುವೆಯಾಗಿ ಹ್ಯೂಸ್ಟನ್ ಹತ್ತಿರದ ಫುಲ್‌ಶೀರಿಗೆ ಬಂದಳು. ನಾನು ಕೆಲಸಕ್ಕೆಂದು ಡಲ್ಲಾಸಿಗೆ ಬಂದೆ. ತಿರುಮಲ ಓದಲೆಂದು ಆಸ್ಟಿನ್ನಿಗೆ ಬಂದ. ಮರುದಿನ, ಭಾನುವಾರ, ರಮಕ್ಕನ ಮಗುವಿನ ನಾಮಕರಣ. ಸೋದರಮಾವ ಎಂದರೆ ಇವನೊಬ್ಬನೇ. ಆ ಸೋದರಮಾವ ಈಗ ಜೈಲಿನಲ್ಲಿದ್ದ.

ಆದದ್ದು ಇಷ್ಟು. ಕಾರಿನ ಹಿಂದಿನ ಒಂದು ದೀಪ ಕೆಟ್ಟಿತ್ತು. ಪೊಲೀಸಿನವನು ನಿಲ್ಲಿಸಿದ. ತಿರುಮಲ ಪರ್ಸನ್ನು ಮನೆಯಲ್ಲೇ ಮರೆತಿದ್ದ. ಲೈಸೆನ್ಸ್ ಇಲ್ಲದಿದ್ದರೆ ಹೆಸರು ಹೇಳು, ಕಂಪ್ಯೂಟರಿನಲ್ಲಿ ನೋಡುತ್ತೇನೆ ಎಂದ ಅವನು. ಇವನು ಮೊದಲ ಹೆಸರು ತಿರುಮಲ, ಕೊನೆಯ ಹೆಸರು ಗೋವಿಂದರಾಜು ಎಂದ. ಗೋವಿಂದರಾಜು ಅವನ ಅಪ್ಪನ ಹೆಸರು. ಅಂಥವನು ಯಾರೂ ಇಲ್ಲ ಎಂದಿತು ಕಂಪ್ಯೂಟರು. ಹಾಗಾದರೆ ಹಿಂದುಮುಂದು ಮಾಡಿ ನೋಡಿ, ಗೋವಿಂದರಾಜು ತಿರುಮಲ ಎಂದ. ಅವನೂ ಇಲ್ಲ. ಜಿ. ತಿರುಮಲ ಎಂದ. ಅವನಂತೂ ಇಲ್ಲವೇ ಇಲ್ಲ. ಮೂರನೆಯ ಹೆಸರು ಕೇಳುವ ಹೊತ್ತಿಗೆ ಪೊಲೀಸಿನವನ ಮುಖ ಬದಲಾಗಿತ್ತು. ಸುಳ್ಳು ಹೆಸರು ಹೇಳಿದ ಎನ್ನುವುದೇ ಈಗ ಅವನ ಮೇಲಿದ್ದ ಆರೋಪ.

ನಿಜವಾಗಿ ಅವನ ಲೈಸೆನ್ಸಿನಲ್ಲಿ ಇದ್ದದ್ದು ಬೇರೆಯೇ. ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರನ್ನು ಒಂದೇ ಜಾಗದಲ್ಲಿ ತುಂಬಿದ್ದರಿಂದ, ಇಲ್ಲಿ ಅದು ಅಷ್ಟೂ ಕೊನೆಯ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್, ಎನ್, ಯು ಎಂಬ ಮೂರು ಅಕ್ಷರ ಕೂತಿತ್ತು. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ನಮ್ಮ ಕಡೆಯ ಅರ್ಧ ಹುಡುಗರು ಈ ದೇಶದಲ್ಲಿ ಹೀಗೆ ಗೊತ್ತಿಲ್ಲ ಎಂಬ ಹೆಸರಿನಲ್ಲೇ ಓಡಾಡುತ್ತಾರೆ. ಆದರೆ ದಾರಿಯಲ್ಲಿ ನಿಲ್ಲಿಸಿ ನಿನ್ನ ಹೆಸರೇನು ಎಂದರೆ ಗೊತ್ತಿಲ್ಲ ಎಂದು ಯಾರು ಹೇಳುತ್ತಾರೆ?

"ಈಗ ಹೇಗೆ ಬಿಡಿಸೋದು?" ಎಂದೆ.

"ಅದೇ ಕಷ್ಟ ಆಗಿದೆ ಅಕ್ಕ. ಬೆಳಿಗ್ಗೆ ಒಬ್ಬ ಆಫೀಸರ್ ಬಂದು ಪಿ.ಆರ್. ಬಾಂಡಿಗೆ ಇಂಟರ್‌ವ್ಯೂ ಕೊಡ್ತೀಯಾ ಅಂತ ಕೇಳಿದರಂತೆ. ಇವನು, ನನ್ನ ಹತ್ರ ಪಿ.ಆರ್. ಇಲ್ಲ, ಸ್ಟೂಡೆಂಟ್ ವೀಸಾ ಇರೋದು, ಬೇಡ ಅಂದನಂತೆ. ಅವರು ಬರ್ಕೊಂಡು ಹೋದರಂತೆ. ಈಗ ಒಳಗೆ ಪಕ್ಕದಲ್ಲಿರೋನು ಯಾರೋ ಹೇಳಿದಾನೆ, ಮಧ್ಯಾಹ್ನ ಜಡ್ಜ್ ಮುಂದೆ ತಪ್ಪಾಯ್ತು ಅಂತ ಒಪ್ಕೊಂಡುಬಿಡು, ಇವತ್ತೇ ಬಿಟ್ಟುಬಿಡ್ತಾರೆ ಅಂತ. ಇವನು ಒಪ್ಕೋತೀನಿ ಅಂತಿದಾನೆ. ನಾಮಕರಣಕ್ಕೆ ಹೋಗಬೇಕು, ಅಕ್ಕ ಕಾಯ್ತಿರ್ತಾಳೆ ಅಂತ."

ನನಗೆ ಕಾನೂನು ಗೊತ್ತಿಲ್ಲ. ಆದರೆ ಸುಳ್ಳು ಹೇಳದವನು ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡರೆ ಆ ಮಾತು ಅವನ ಹಿಂದೆಯೇ ಬರುತ್ತದೆ ಎಂಬುದು ಗೊತ್ತಿತ್ತು. ಮುಂದಿನ ವೀಸಾಕ್ಕೆ ಹೋದರೂ ಕೇಳುತ್ತಾರೆ, ಕೆಲಸಕ್ಕೆ ಹೋದರೂ ಕೇಳುತ್ತಾರೆ. ಒಂದು ತೊಟ್ಟಿಲು ತೂಗುವುದಕ್ಕಾಗಿ ಅವನು ತನ್ನ ಮುಂದಿನ ಬದುಕನ್ನೆಲ್ಲ ಕೊಟ್ಟುಬಿಡಲು ಹೊರಟಿದ್ದ.

"ಅವನು ಮತ್ತೆ ಫೋನ್ ಮಾಡಿದ್ರೆ ನನ್ನ ನಂಬರ್ ಕೊಡು. ಜಡ್ಜ್ ಮುಂದೆ ಬಾಯಿ ಬಿಡಬೇಡ ಅನ್ನು. ನಾನು ಬರ್ತಿದೀನಿ."

ನಾನು ಫುಲ್‌ಶೀರಿಗೆ ಹೋಗಬೇಕಾಗಿದ್ದದ್ದು ಫ್ಲವರ್ ಮೌಂಡಿನ ಮೋಹನರಾಜ ಅಂಕಲ್ ಮತ್ತು ಉಷಾರಾಣಿ ಆಂಟಿಯ ಕಾರಿನಲ್ಲಿ. ಅವರು ರಮಕ್ಕನ ಗಂಡನ ಕಡೆಯ ದೂರದ ಬಳಗ. ಬಾಗಿಲಿಗೆ ಬಂದವರಿಗೆ ವಿಷಯ ಹೇಳಿದೆ. ಅಂಕಲ್ ಒಂದು ಮಾತೂ ಆಡದೆ ಹ್ಯೂಸ್ಟನ್ನಿನ ನಲವತ್ತೈದನೆಯ ಹೆದ್ದಾರಿಯನ್ನು ಬಿಟ್ಟು ಆಸ್ಟಿನ್ನಿನ ಮೂವತ್ತೈದನ್ನು ಹಿಡಿದರು. ಅಂಕಲ್ ಮಾತಾಡದೇ ಇದ್ದದ್ದು ಅಲ್ಲಿಯವರೆಗೆ ಮಾತ್ರ.

"ನೋಡಮ್ಮ ನಿಶಿತಾ, ಇಮಿಗ್ರೇಷನ್ ವಿಷಯದಲ್ಲಿ ನನ್ನ ಕೇಳು. ಪಿ.ಆರ್. ಬಾಂಡ್ ಅಂದ್ರೆ ಪರ್ಮನೆಂಟ್ ರೆಸಿಡೆಂಟ್ ಆದೋರಿಗೆ, ಗ್ರೀನ್ ಕಾರ್ಡ್ ಇರೋರಿಗೆ ಕೊಡೋ ಬಾಂಡು. ನಮ್ಮಂಥೋರಿಗೆ ಎಲ್ಲಿ ಸಿಗುತ್ತೆ? ನಮ್ಮನ್ನ ಬಿಟ್ರೆ ನಾವು ವಿಮಾನ ಹತ್ತಿಬಿಡ್ತೀವಿ ಅಂತ ಅವರ ಯೋಚನೆ. ಹುಡುಗ ಸರಿಯಾಗೇ ಹೇಳಿದಾನೆ."

"ಹಾಗಿದ್ರೆ ಅಂಕಲ್, ಆಫೀಸರ್ ಯಾಕೆ ಕೇಳಿದ್ರು?"

"ಫಾರ್ಮಾಲಿಟಿ."

ಮೋಹನರಾಜ ಅಂಕಲ್ ಈ ದೇಶಕ್ಕೆ ಬಂದಾಗ ಅವರ ಮೀಸೆ ಕಪ್ಪಗಿತ್ತಂತೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ನಿಂತು ಅದು ಬೆಳ್ಳಗಾಯಿತು. ಅವರ ತಮ್ಮ ಮಾತ್ರ ಕೆನಡಾಕ್ಕೆ ಹೋದವನು ನೋಡನೋಡುತ್ತಿದ್ದಂತೆ ಪಿ.ಆರ್. ತೆಗೆದುಕೊಂಡ. ಅಂದಿನಿಂದ ಮನೆಯ ವಾಟ್ಸಾಪ್ ಗುಂಪಿನಲ್ಲಿ ದೀಪಾವಳಿಯ ಶುಭಾಶಯಕ್ಕೂ ಮೊದಲು ಬರುವ ಮಾತು ಪಿ.ಆರ್. ಆ ಎರಡು ಅಕ್ಷರಕ್ಕೆ ಬೇರೊಂದು ಅರ್ಥ ಇರಬಹುದು ಎನ್ನುವುದು ಅವರಿಗೆ ಕನಸಿನಲ್ಲೂ ಹೊಳೆಯುವಂತಿರಲಿಲ್ಲ. ತಿರುಮಲನಿಗೂ ಅಷ್ಟೆ. ಅವನ ಗೆಳೆಯರೆಲ್ಲ ಓದು ಮುಗಿದ ಮೇಲೆ ಕೆನಡಾ ಪಿ.ಆರ್. ಹಾಕೋಣವೇ ಎಂದು ಚಹಾ ಕುಡಿಯುತ್ತ ಮಾತಾಡುವವರೇ. ನಿಜ ಹೇಳಬೇಕೆಂದರೆ ನಾನೂ ಆ ಹೊತ್ತಿಗೆ ಅಂಕಲ್ ಮಾತನ್ನೇ ನಂಬಿದ್ದೆ.

ಹಿಂದಿನ ಸೀಟಿನಲ್ಲಿ ಒರಗಿ ಹೊರಗೆ ನೋಡಿದೆ. ಬಯಲಿನಲ್ಲಿ ಹುಲ್ಲಿನ ಸುರುಳಿಗಳು ಅಲ್ಲಲ್ಲಿ ಬಿದ್ದಿದ್ದವು. ಯಾರೋ ಭಾರಿ ಹಗ್ಗ ಹೊಸೆದು ಸುತ್ತಿಟ್ಟು ಮರೆತುಹೋದ ಹಾಗೆ. ಹಗ್ಗ ಎಂದ ಕೂಡಲೇ ಅಜ್ಜಿಯ ಕೆಂಚನ ಕಥೆ ನೆನಪಾಯಿತು.

ಕೆಂಚ ಹಗ್ಗ ಹೊಸೆಯುವವನು. ಒಂದು ದಿನ ಅರಸನ ಕುದುರೆ ಹಗ್ಗ ಕಡಿದುಕೊಂಡು ಓಡಿಹೋಯಿತು. ಲಡ್ಡು ಹಗ್ಗ ಕೊಟ್ಟಿದ್ದೀಯ ಎಂದು ಕೆಂಚನನ್ನು ಹಿಡಿದು ತಂದರು. ಹುಣ್ಣಿಮೆಯ ದಿನ ನ್ಯಾಯ, ಅಲ್ಲಿಯವರೆಗೆ ಕತ್ತಲೆಕೋಣೆ. ಕೆಂಚ ಕೈ ಮುಗಿದ. ಬುದ್ಧೀ, ಮನೆಯಲ್ಲಿ ಅರ್ಧ ಹೊಸೆದ ಹಗ್ಗ ಮರಕ್ಕೆ ಕಟ್ಟಿದ ಹಾಗೇ ಇದೆ, ಹೆಂಡತಿಗೆ ದಿನ ತುಂಬಿದೆ, ಬಿಡಿ, ಹುಣ್ಣಿಮೆಗೆ ನಾನೇ ಬರುತ್ತೇನೆ ಎಂದ. ನಿನಗೆ ಹೊಣೆ ಯಾರು ಎಂದ ಅರಸ. ಯಾರೂ ಇಲ್ಲ. ಒತ್ತೆ ಇಡಲು ಏನಿದೆ? ಏನೂ ಇಲ್ಲ. ಹೆಸರು ಒಂದಿದೆ, ಅದನ್ನೇ ಇಟ್ಟುಕೊಳ್ಳಿ ಎಂದ ಕೆಂಚ. ಅರಸನಿಗೆ ನಗು ಬಂತು. ಒಂದು ಕರಡಿಗೆ, ಅಂದರೆ ಮುಚ್ಚಳದ ಪುಟ್ಟ ಪೆಟ್ಟಿಗೆ, ತರಿಸಿ, ಅದರೊಳಕ್ಕೆ ನಿನ್ನ ಹೆಸರು ಹೇಳು ಎಂದ. ಕೆಂಚ ಬಗ್ಗಿ, ಮೆಲ್ಲಗೆ ಹೇಳಿದ. ಮುಚ್ಚಳ ಹಾಕಿದರು.

ಕೆಂಚ ಊರಿಗೆ ಬಂದ. ದಾರಿಯಲ್ಲಿ ಕೆಂಚಾ ಎಂದು ಕೂಗಿದರೆ ತಿರುಗಲಿಲ್ಲ. ಹೆಂಡತಿ ಕೂಗಿದಳು, ಓಗೊಡಲಿಲ್ಲ. ಹೆಸರು ಇಲ್ಲಿಲ್ಲ ಕಣೆ, ಅರಸನ ಹತ್ತಿರ ಇದೆ, ತಂದ ಮೇಲೆ ಕೂಗು ಎಂದ. ಮಗು ಹುಟ್ಟಿತು. ಅಪ್ಪನಿಗೇ ಹೆಸರಿಲ್ಲ, ಮಗುವಿಗೆ ಹೇಗೆ ಇಡುವುದು ಎಂದು ಅದನ್ನೂ ತಡೆದ. ಹುಣ್ಣಿಮೆಯ ದಿನ ಬೆಳದಿಂಗಳಿನಲ್ಲಿ ನಡೆದುಕೊಂಡು ಅರಮನೆಗೆ ಬಂದ. ಅರಸ ಕರಡಿಗೆ ತೆಗೆದು ಕೆಂಚಾ ಎಂದು ಕೂಗಿದ. ಆಗ ಅವನು ಓ ಎಂದ.

ಅಜ್ಜಿ ಅಲ್ಲಿ ನಿಲ್ಲಿಸಿ ಕೇಳುತ್ತಿದ್ದಳು: "ಆಗ ಕೆಂಚ ಏನಂದನ್ರೋ ಮಕ್ಕಳಾ?" ಮೂವರೂ ಚಾಪೆಯ ಮೇಲಿಂದ ಒಟ್ಟಿಗೆ "ಓ" ಎನ್ನುತ್ತಿದ್ದೆವು. ಹಗ್ಗ ಕಡಿದದ್ದು ಇಲಿ ಎಂದು ಆಮೇಲೆ ಗೊತ್ತಾಗುತ್ತಿತ್ತು. ಅಷ್ಟರೊಳಗೆ ತಿರುಮಲ ಯಾವಾಗಲೂ ನಿದ್ದೆಹೋಗಿರುತ್ತಿದ್ದ.

"ಅಲ್ರೀ," ಮುಂದಿನ ಸೀಟಿನಿಂದ ಉಷಾರಾಣಿ ಆಂಟಿಯ ದನಿ ಬಂತು. ಆಂಟಿ ಹುಬ್ಬಳ್ಳಿಯವರು. ಮೈಸೂರಿನ ಅಂಕಲ್ ಜೊತೆ ಸಂಸಾರ ಮಾಡಿಯೂ ಅವರ ಮಾತು ಒಂದಿಷ್ಟೂ ಮೆತ್ತಗಾಗಿಲ್ಲ. "ಪಿ.ಆರ್. ಅಂದ್ರ ಏನಂತ ಅವರನ್ನ ಕೇಳಿದ್ರೇನು? ನೀವ ಹೇಳ್ತೀರಿ, ನೀವ ಒಪ್ಕೋತೀರಿ."

"ಕೇಳೋದೇನಿದೆ ಉಷಾ, ಲೋಕಕ್ಕೆಲ್ಲ ಗೊತ್ತಿದೆ."

"ಲೋಕ ಅಂದ್ರ ನಿಮ್ಮ ತಮ್ಮ ಏನು? ಈ ಜೈಲಿಗೆ ಏನು ಈ ದೇಶದವರು ಹೋಗೂದಿಲ್ಲೇನು? ಅವರ ಹತ್ರ ಗ್ರೀನ್ ಕಾರ್ಡ್ ಎಲ್ಲಿರ್ತದ? ಅವರು ಇಲ್ಲೇ ಹುಟ್ಟ್ಯಾರ. ಹಂಗಾದ್ರ ಈ ಬಾಂಡ್ ಅವರಿಗೂ ಇಲ್ಲ. ಮತ್ತ ಯಾರಿಗದ?"

ಕಾರು ಸ್ವಲ್ಪ ನಿಧಾನವಾಯಿತು. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಮುಂದೆ ಸಿಕ್ಕ ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ, ಆಸ್ಟಿನ್ನಿನ ಕೌಂಟಿಯಲ್ಲಿ, ಅಂದರೆ ಅಲ್ಲಿನ ಜಿಲ್ಲೆಯಲ್ಲಿ, ಈ ಬಾಂಡಿನ ಕೆಲಸ ನೋಡುವ ಕಚೇರಿಯ ನಂಬರ್ ಹುಡುಕಿ ಫೋನ್ ಮಾಡಿದೆ. ತುಂಬ ಹೊತ್ತು ಸಂಗೀತ ಬಂತು. ಆಮೇಲೆ ಒಬ್ಬ ಹೆಂಗಸಿನ ದನಿ, ನಿದ್ದೆ ಕೆಟ್ಟಿದ್ದರೂ ಮೃದುವಾಗಿತ್ತು. ನಾನು ಇಂಗ್ಲಿಷಿನಲ್ಲಿ ಮೊದಲು ಕೇಳಿದ್ದೇ ಅದು: ಪಿ.ಆರ್. ಬಾಂಡ್ ಅಂದರೆ ಏನು?

"ಪರ್ಸನಲ್ ರೆಕಗ್ನಿಜೆನ್ಸ್," ಎಂದಳು ಆಕೆ.

"ಪರ್ಮನೆಂಟ್ ರೆಸಿಡೆಂಟ್ ಅಲ್ಲವಾ?"

ಆಕೆ ನಗುವನ್ನು ತಡೆದುಕೊಂಡಳೆಂದು ನನಗೆ ಅನ್ನಿಸಿತು. "ಅಲ್ಲಮ್ಮ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ವಿಚಾರಣೆಗೆ ಮೊದಲು ಒಬ್ಬರನ್ನು ಅವರ ಸ್ವಂತ ಮಾತಿನ ಮೇಲೆ ಬಿಡುವುದು. ಕರೆದಾಗ ಬರುತ್ತೇನೆ ಎಂದು ಪ್ರಮಾಣ ಮಾಡಿ ಸಹಿ ಹಾಕುತ್ತಾರೆ. ಹೊಣೆ ನಿಲ್ಲಲು ಇನ್ನೊಬ್ಬರು ಬೇಡ. ಮೊದಲೇ ಏನನ್ನೂ ಒತ್ತೆ ಇಡುವುದು ಬೇಡ. ಬರದೇ ಹೋದರೆ ಮಾತ್ರ ಆಗ ದಂಡ, ವಾರಂಟು ಎಲ್ಲ."

"ಏನೂ ಒತ್ತೆ ಬೇಡವಾ?"

"ಅವರ ಹೆಸರು ಸಾಕು."

ಗ್ಯಾಸ್ ಸ್ಟೇಷನ್ನಿನ ಐಸ್ ಪೆಟ್ಟಿಗೆಗೆ ಒರಗಿ ನಿಂತಿದ್ದೆ. ಆಕೆ ನಿಜವಾಗಿ ಹಾಗೆಯೇ ಅಂದಳೇ, ಇಲ್ಲ ನನ್ನ ಕಿವಿ ಹಾಗೆ ಕೇಳಿಸಿಕೊಂಡಿತೇ ಎಂದು ಈಗಲೂ ನನಗೆ ಅನುಮಾನ. ಬೆನ್ನಿಗೆ ಐಸಿನ ತಂಪು, ಕಣ್ಣಿಗೆ ಕೆಂಚನ ಕರಡಿಗೆ.

ಆಕೆ ಮುಂದುವರಿಸಿದಳು. ಬಿಡುವುದು ಬಿಡದಿರುವುದು ಜಡ್ಜ್ ಕೈಯಲ್ಲಿದೆ, ಆದರೆ ವಿದ್ಯಾರ್ಥಿ ವೀಸಾ ಎಂಬ ಒಂದೇ ಕಾರಣಕ್ಕೆ ಆಗುವುದಿಲ್ಲ ಎಂದೇನಿಲ್ಲ. ಇಂಟರ್‌ವ್ಯೂ ಬೇಡ ಎಂದು ಅವನೇ ಹೇಳಿದ್ದಾನೆ, ಆದ್ದರಿಂದ ಬೇಕು ಎಂದೂ ಅವನೇ ಹೇಳಬೇಕು. ಅವನನ್ನು ಬಲ್ಲವರ ಹೆಸರು, ನಂಬರ್ ಕೊಟ್ಟರೆ ತಾವು ಫೋನ್ ಮಾಡಿ ವಿಚಾರಿಸುತ್ತೇವೆ. ತಪ್ಪು ಒಪ್ಪಿಕೊಳ್ಳುವ ಮಾತಿದ್ದರೆ ಮೊದಲು ವಕೀಲರನ್ನು ಕೇಳಲಿ, ಅದನ್ನು ಹೇಳುವುದು ತನ್ನ ಕೆಲಸ ಅಲ್ಲ.

ಕಾರಿಗೆ ಬಂದು ಹೇಳಿದೆ. ಅಂಕಲ್ ಸ್ಟಿಯರಿಂಗ್ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಅಂದ್ರೆ ಮುಚ್ಚಳಿಕೆ ಬರ್ಕೊಡೋದು ಅನ್ನು."

"ಹೂಂ ಅಂಕಲ್. ಸ್ವಂತ ಮುಚ್ಚಳಿಕೆ."

"ಅಯ್ಯೋ ದೇವರೇ, ಅದಕ್ಕೆ ಇಷ್ಟು ದೊಡ್ಡ ಹೆಸರಾ? ನಮ್ಮೂರ ಸ್ಟೇಷನ್ನಲ್ಲಿ ದಿನಾ ಬರೆಸ್ಕೊಂಡು ಕಳಿಸ್ತಾರಲ್ಲಮ್ಮ. ಮುಚ್ಚಳಿಕೆ ಅಂದಿದ್ರೆ ನಾನು ಡಲ್ಲಾಸಲ್ಲೇ ಹೇಳಿಬಿಡ್ತಿದ್ದೆ."

"ಅವರು ಕನ್ನಡದಾಗ ಹೇಳಬೇಕಿತ್ತು, ತಪ್ಪು ಅವರದ," ಎಂದು ಆಂಟಿ ಚಕ್ಕುಲಿಯ ಡಬ್ಬಿ ತೆರೆದು ಅವರ ಕೈಗೆ ಒಂದು ಕೊಟ್ಟರು.

ಈಗ ಉಳಿದದ್ದು ತಿರುಮಲನಿಗೆ ತಿಳಿಸುವುದು. ಜೈಲಿಗೆ ನಾವು ಫೋನ್ ಮಾಡುವಂತಿಲ್ಲ, ಅವನೇ ಮಾಡಬೇಕು. ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತೆ. ವೇಕೋ ಊರು ದಾಟಿತು. ಬ್ಯಾಂಕಿನವರು, ಕಾರಿನ ವಾರಂಟಿಯವರು, ಎಲ್ಲರೂ ಫೋನ್ ಮಾಡಿದರು. ಟೆಂಪಲ್ ಎಂಬ ಊರು ದಾಟಿದ ಮೇಲೆ ಯಾವುದೋ ನಂಬರಿನಿಂದ ಬಂತು: ಇದು ಜೈಲಿನಿಂದ ಬಂದ ಕರೆ, ಮಾತಾಡಲು ಒಂದನ್ನು ಒತ್ತಿ. ಒತ್ತಿದ ಜೋರಿಗೆ ಉಗುರು ನೊಂದಿತು.

"ಅಕ್ಕಾ." ದನಿ ಒಣಗಿತ್ತು. "ಬೇಜಾರು ಮಾಡ್ಕೋಬೇಡ. ಇನ್ನು ಸ್ವಲ್ಪ ಹೊತ್ತಿಗೆ ಕರೀತಾರಂತೆ. ಒಪ್ಕೊಂಡು ಬಂದುಬಿಡ್ತೀನಿ."

"ಒಪ್ಕೋಬೇಡ. ತಿರುಮಲ, ಪಿ.ಆರ್. ಅಂದ್ರೆ ಆ ಪಿ.ಆರ್. ಅಲ್ಲ ಕಣೋ."

"ಮತ್ತೆ?"

ಏನೆಂದು ಹೇಳಲಿ? ಇಂಗ್ಲಿಷಿನ ಆ ಉದ್ದ ಪದ ಬಾಯಿಗೆ ಬರಲೇ ಇಲ್ಲ. ಕರೆ ಯಾವಾಗ ಕಡಿದುಹೋಗುತ್ತದೋ ಗೊತ್ತಿಲ್ಲ.

"ಕೆಂಚನ ಕಥೆ ನೆನಪಿದೆಯಾ? ಹಗ್ಗದ ಕೆಂಚ."

"ಅಕ್ಕ, ನಾನು ಜೈಲಲ್ಲಿದೀನಿ. ಈಗ ಕಥೆನಾ?"

"ಕರಡಿಗೇಲಿ ಏನಿಟ್ಟ ಹೇಳು."

ಅವನ ಹಿಂದೆ ಯಾರೋ ಗಟ್ಟಿಯಾಗಿ ನಗುತ್ತಿದ್ದರು. ಕಬ್ಬಿಣದ ಬಾಗಿಲಿನ ಸದ್ದಾಯಿತು.

"ಹೆಸರು," ಎಂದ.

"ಅಷ್ಟೇ. ಪಿ.ಆರ್. ಬಾಂಡ್ ಅಂದ್ರೆ ಅದೇ. ನಿನ್ನ ಹೆಸರನ್ನ ಅಲ್ಲಿಟ್ಟು ಹೊರಗೆ ಬಾ, ಕರೆದಾಗ ಹೋಗಿ ಬಿಡಿಸ್ಕೋ. ಗ್ರೀನ್ ಕಾರ್ಡೂ ಬೇಡ, ಹೊಣೆಗೆ ಯಾರೂ ಬೇಡ. ಆ ಆಫೀಸರನ್ನ ಕರೆದು ಇಂಟರ್‌ವ್ಯೂ ಬೇಕು ಅನ್ನು. ಲೈಸೆನ್ಸಲ್ಲಿರೋ ಹಾಗೇ ಹೆಸರು ಹೇಳು, ಎಫ್, ಎನ್, ಯು ಸಮೇತ. ಜಡ್ಜ್ ಕೇಳಿದ್ರೆ ವಕೀಲರು ಬೇಕು ಅನ್ನು, ಬೇರೇನೂ ಹೇಳಬೇಡ."

ಕರೆ ಕಡಿಯಿತೇನೋ ಎಂದು ನೋಡಿದೆ. ಇಲ್ಲ, ಮೂಗೆಳೆಯುವ ಸದ್ದು ಕೇಳಿತು.

"ಆ ಕಥೇಲಿ ಕೊನೆಗೆ ಏನಾಗುತ್ತೆ ಅಕ್ಕ? ನಾನು ಯಾವಾಗಲೂ ಮಲಗಿಬಿಡ್ತಿದ್ದೆ."

"ಹೊರಗೆ ಬಾ, ಹೇಳ್ತೀನಿ."

ಕರೆ ಕಡಿಯಿತು. ಮುಂದೆ ಕೂತಿದ್ದ ಆಂಟಿ ತಿರುಗಿ ನೋಡಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂಕಲ್ ಕೆಮ್ಮಿದರು.

ನಾವು ಆಸ್ಟಿನ್ ಮುಟ್ಟುವ ಹೊತ್ತಿಗೆ ಕಚೇರಿಯ ಅದೇ ಹೆಂಗಸು ನನಗೆ ಫೋನ್ ಮಾಡಿದಳು. ಇಂಟರ್‌ವ್ಯೂ ಆಗಿದೆ. ನೀನು ಅವನನ್ನು ಬಲ್ಲೆಯಾ, ಎಷ್ಟು ಕಾಲದಿಂದ, ಎಲ್ಲಿ ಇರುತ್ತಾನೆ, ಏನು ಓದುತ್ತಾನೆ, ಕರೆದಾಗ ಬರುತ್ತಾನೆಯೇ ಎಂದೆಲ್ಲ ಕೇಳಿದಳು. ಅವನು ಹುಟ್ಟಿದಾಗ ಆಸ್ಪತ್ರೆಯ ಕಿಟಕಿಯಿಂದ ಇಣುಕಿದವಳು ನಾನು ಎಂದೆ. ಆಮೇಲೆ ಆಕೆ, ಒಂದು ತೊಡಕಿದೆ, ಅವನು ತನ್ನ ಅಕ್ಕನ ನಂಬರ್ ಕೊಟ್ಟಿದ್ದಾನೆ, ಆದರೆ ಆ ಅಕ್ಕ ಅಂಥ ಮನುಷ್ಯನೇ ನನಗೆ ಗೊತ್ತಿಲ್ಲ ಎನ್ನುತ್ತಾಳೆ ಎಂದಳು.

ನಾಮಕರಣದ ಮನೆ, ಬಾಣಂತಿ, ಹೆದರುತ್ತಾಳೆ ಎಂದು ನಾವು ರಮಕ್ಕನಿಗೆ ಏನೂ ಹೇಳಿರಲಿಲ್ಲ.

ಉಷಾರಾಣಿ ಆಂಟಿ ವಾಟ್ಸಾಪಿನಲ್ಲಿ ರಮಕ್ಕನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ರಮಾ, ಈಗ ಯಾರರ ಫೋನ್ ಮಾಡಿದ್ರೇನವಾ?"

"ಹೂಂ ಆಂಟಿ, ಒಬ್ಬಳು ಸ್ಕ್ಯಾಮ್ ಕಾಲ್. ನಿನ್ನ ತಮ್ಮ ಮಿಸ್ಟರ್ ಎಫ್‌ನೂ ಜೈಲಲ್ಲಿದಾನೆ ಅಂತಾಳೆ. ನನಗೆ ಎಫ್‌ನೂ ಅನ್ನೋ ತಮ್ಮ ಯಾರೂ ಇಲ್ಲ ಅಂದೆ. ಮುಂದಕ್ಕೆ ಜಾಮೀನಿನ ದುಡ್ಡಿಗೆ ಗಿಫ್ಟ್ ಕಾರ್ಡ್ ತಗೊಂಡು ಬಾ ಅಂತಾಳೆ, ನನಗೆ ಗೊತ್ತಿಲ್ವಾ. ನೀವೆಲ್ಲಿದೀರಿ? ಹೂವು ತಂದ್ರಾ?"

ಕಾರಿನಲ್ಲಿ ಯಾರಿಗೂ ನಗುವ ಧೈರ್ಯ ಬರಲಿಲ್ಲ. ನಾನು ಫೋನ್ ತೆಗೆದುಕೊಂಡೆ.

"ರಮಕ್ಕ, ಕೂತಿದೀಯಾ? ಮಗು ಮಲಗಿದೆಯಾ? ಗಾಬರಿಯಾಗೋ ಅಂಥದ್ದೇನಿಲ್ಲ. ಎಫ್‌ನೂ ಅಂದ್ರೆ ನಮ್ಮ ತಿರುಮಲಾನೇ. ಅವನ ಲೈಸೆನ್ಸಲ್ಲಿ ಮೊದಲ ಹೆಸರು ಹಾಗೇ ಇರೋದು. ಆ ಹೆಂಗಸು ಒಳ್ಳೆಯವಳು. ನೀನು ಈಗ ಅವಳಿಗೆ ಫೋನ್ ಮಾಡಿ, ಅವನು ನನ್ನ ತಮ್ಮ ಅಂತ ಒಂದು ಮಾತು ಹೇಳಿಬಿಟ್ರೆ ಸಾಕು. ಬಿಟ್ಟುಬಿಡ್ತಾರೆ."

ರಮಕ್ಕ ಬಹಳ ಮೆಲ್ಲಗೆ ಅಂದಳು: "ನಾನು ಅವನನ್ನ ಗೊತ್ತೇ ಇಲ್ಲ ಅಂದುಬಿಟ್ಟೆನಾ?"

"ಎಫ್‌ನೂನ ಗೊತ್ತಿಲ್ಲ ಅಂದಿದೀಯ. ಅದು ನಿಜಾನೇ."

"ನಂಬರ್ ಕಳಿಸು," ಎಂದಳು. ಆಮೇಲೆ ಏನು ಮಾತಾಡಿದಳೋ ನಮಗೆ ಗೊತ್ತಾದದ್ದು ತಡವಾಗಿ. ಅವನು ಬೆಳಿಗ್ಗೆ ಏಳುವುದು ಎಷ್ಟು ಹೊತ್ತಿಗೆ, ಬದನೆಕಾಯಿ ತಿನ್ನುವುದಿಲ್ಲ, ಈಜು ಬರುವುದಿಲ್ಲ, ಬರುತ್ತೇನೆ ಎಂದ ಮೇಲೆ ಜ್ವರ ಇದ್ದರೂ ಬರುತ್ತಾನೆ ಎಂದೆಲ್ಲ ಹೇಳಿದಳಂತೆ. ಆ ಹೆಂಗಸು, ಸಾಕಮ್ಮ, ಇಷ್ಟು ಬಲ್ಲವರು ಸಿಗುವುದೇ ಅಪರೂಪ ಎಂದಳಂತೆ.

ಜಡ್ಜ್ ಬಾಂಡಿಗೆ ಒಪ್ಪಿದರೆಂದು ಕಚೇರಿಯ ಹೆಂಗಸೇ ತಿಳಿಸಿದಳು. ರಿಷಭ್ ತಿರುಮಲನ ಪರ್ಸು, ಪಾಸ್‌ಪೋರ್ಟು ಹಿಡಿದುಕೊಂಡು ಜೈಲಿನ ಹೊರಗೆ ಕಾಯುತ್ತಿದ್ದ. ನಾವೂ ಒಂದು ಮರದ ಕೆಳಗೆ ನಿಂತೆವು. ಮರದ ತುಂಬ ಕಪ್ಪು ಹಕ್ಕಿಗಳು, ಎಣ್ಣೆ ಹಾಕದ ಬಾಗಿಲ ಕೀಲಿನಂಥ ದನಿ. ಅವೆಲ್ಲ ಮುಚ್ಚಳಿಕೆ ಬರೆದುಕೊಟ್ಟು ಬಂದವೇ ಇರಬೇಕು, ಸಂಜೆಯಾದರೆ ತಪ್ಪದೆ ಇದೇ ಮರಕ್ಕೆ ಮರಳುತ್ತವಲ್ಲ ಎಂದುಕೊಂಡೆ. ಆಂಟಿ ಚಪಾತಿ ಪಲ್ಯದ ಡಬ್ಬಿಯನ್ನು ಯಾರಿಗೂ ಕೊಡಲಿಲ್ಲ. "ಅವ ಬರಲಿ," ಎಂದರು. ಅಂಕಲ್ ರಿಷಭನಿಗೆ ಮುಚ್ಚಳಿಕೆ ಎಂದರೆ ಏನೆಂದು ಬಹಳ ವಿವರವಾಗಿ ಹೇಳಿಕೊಡುತ್ತಿದ್ದರು, ತಮಗೆ ಅದು ಹುಟ್ಟಿದಾಗಿನಿಂದ ಗೊತ್ತಿದ್ದಂತೆ.

ಬಿಸಿಲು ಹಳದಿಯಾಗುವ ಹೊತ್ತಿಗೆ ಪಕ್ಕದ ಬಾಗಿಲು ತೆರೆಯಿತು. ತಿರುಮಲ ಬಂದ. ನಿನ್ನೆಯ ಟೀ ಶರ್ಟು, ಲೇಸಿಲ್ಲದ ಶೂ, ಕೈಯಲ್ಲಿ ಆ ಲೇಸುಗಳನ್ನು ತುಂಬಿದ ಪ್ಲಾಸ್ಟಿಕ್ ಚೀಲ. ಎರಡು ಹೆಜ್ಜೆ ಇಟ್ಟು ಆಕಾಶ ನೋಡಿದ. ಅದು ಇದ್ದಲ್ಲೇ ಇದೆಯೇ ಎಂದು ಪರೀಕ್ಷಿಸುವವನ ಹಾಗೆ.

"ತಿರುಮಲಾ," ಎಂದು ಕೂಗಿದೆ.

ಅವನು ತಿರುಗಲಿಲ್ಲ. ಮತ್ತೆ ಕೂಗಿದೆ. ಹತ್ತಿರ ಬಂದ, ನನ್ನ ಮುಂದೆ ನಿಂತ, ಕಣ್ಣು ಕೆಂಪಗಿತ್ತು, ತುಟಿಯ ಮೂಲೆಯಲ್ಲಿ ಮಾತ್ರ ನಗು.

"ಹೆಸರು ಒಳಗಿದೆ ಅಕ್ಕ. ಮುಂದಿನ ತಿಂಗಳು ಹೋಗಿ ಬಿಡಿಸ್ಕೋಬೇಕು. ಅಲ್ಲೀವರೆಗೆ ಏ ಅನ್ನು."

ಬೆನ್ನಿಗೆ ಒಂದು ಗುದ್ದಿದೆ. ಆಮೇಲೆ ತಬ್ಬಿಕೊಂಡೆ. ಜೈಲಿನ ಸಾಬೂನಿನ ವಾಸನೆ ಬಂತು. ಅಂಕಲ್ ಅವನ ಭುಜ ತಟ್ಟಿ, "ಪಿ.ಆರ್. ಸಿಕ್ಕಿತಲ್ಲಪ್ಪ ನಿನಗೆ. ನಮಗಿಂತ ಮೊದಲೇ," ಎಂದರು. ಆಗ ನಾವೆಲ್ಲ ನಕ್ಕೆವು, ಬೆಳಿಗ್ಗೆಯಿಂದ ಕೂಡಿಟ್ಟದ್ದನ್ನೆಲ್ಲ. ಮರದ ಹಕ್ಕಿಗಳು ಒಮ್ಮೆ ಎದ್ದು ಮತ್ತೆ ಕೂತವು. ಕಾರಿನಲ್ಲಿ ಅವನು ಚಪಾತಿಯ ಮೇಲೆ ಚಪಾತಿ ತಿಂದ, ಕಥೆಯ ಕೊನೆ ಕೇಳಿದ. ಹಗ್ಗ ಕಡಿದದ್ದು ಇಲಿ ಎಂದೆ. "ಇಲಿನಾ?" ಎಂದ. ಇಷ್ಟು ವರ್ಷ ಅದು ಗೊತ್ತಿಲ್ಲದೆ ಹೇಗೆ ಇದ್ದೆನೋ ಎಂಬಂತೆ ಸುಮ್ಮನೆ ಕೂತ. ಊರು ಬಿಡುವುದರೊಳಗೆ ನಿದ್ದೆಹೋಗಿದ್ದ.

ಮರುದಿನ ಫುಲ್‌ಶೀರಿನಲ್ಲಿ ಅವನೇ ತೊಟ್ಟಿಲು ತೂಗಿದ. ಮಗುವಿಗೆ ಸುಮುಖ ಎಂದು ಹೆಸರಿಟ್ಟರು. ಅಕ್ಕಿಯ ಮೇಲೆ ಉಂಗುರದಿಂದ ಬರೆಯುವಾಗ ಭಾವ, "ಫಸ್ಟ್ ನೇಮ್ ಯಾವುದು, ಲಾಸ್ಟ್ ನೇಮ್ ಯಾವುದು, ಈಗಲೇ ಗೆರೆ ಹಾಕಿ ಬರೀತೀನಿ," ಎಂದರು. ರಮಕ್ಕ ತಮ್ಮನನ್ನು ಒಂದು ಕ್ಷಣವೂ ಬಿಟ್ಟಿರಲಿಲ್ಲ. ಬಂದವರಿಗೆಲ್ಲ, "ಇವನು ನನ್ನ ತಮ್ಮ, ಗೊತ್ತಲ್ಲ," ಎಂದು ಕೈಹಿಡಿದು ಪರಿಚಯ ಮಾಡಿಸಿದಳು. ಗೊತ್ತಿದ್ದವರಿಗೂ.

ಮುಂದಿನ ತಿಂಗಳು ಜಡ್ಜ್ ಹೇಳಿದ ದಿನ, ಹೇಳಿದ ಹೊತ್ತಿಗಿಂತ ಮುಂಚೆಯೇ ತಿರುಮಲ ಕೋರ್ಟಿನ ಬೆಂಚಿನ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಪಕ್ಕದಲ್ಲಿ ನಾನು, ರಮಕ್ಕ, ಅವಳ ಮಡಿಲಲ್ಲಿ ಸುಮುಖ. ವಕೀಲರು ಪಾಸ್‌ಪೋರ್ಟು, ಲೈಸೆನ್ಸು ಎರಡನ್ನೂ ತೋರಿಸಿದ್ದರು. ಮೂರು ಹೆಸರೂ ಒಬ್ಬನವೇ, ಸುಳ್ಳು ಒಂದೂ ಇಲ್ಲ, ಆರೋಪ ಕೈಬಿಡುತ್ತಾರೆ, ಕರೆದಾಗ ಎದ್ದು ನಿಂತರೆ ಸಾಕು ಎಂದು ಮೊದಲೇ ತಿಳಿಸಿದ್ದರು. ಆ ತಿಂಗಳೆಲ್ಲ ನಾವು ಅವನನ್ನು ಏ ಎಂದೇ ಕರೆದಿದ್ದೆವು. ತಮಾಷೆಗೆ ಶುರುವಾದದ್ದು ಎಷ್ಟೋ ಸಲ ತಮಾಷೆ ಅನ್ನಿಸುತ್ತಿರಲಿಲ್ಲ.

ಗುಮಾಸ್ತೆ ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಹತ್ತಿ ಇಳಿದು ಓದಿದಳು: "ಎಫ್‌ನೂ... ತಿರು...ಮಲಾ... ಗೋವಿಂದ...ರಾಜು."

ಅವನು ಎದ್ದು ನಿಂತ. ಇಂಗ್ಲಿಷಿನಲ್ಲಿ ಏನು ಹೇಳಬೇಕೆಂದು ವಕೀಲರು ಹೇಳಿಕೊಟ್ಟಿದ್ದರು. ಅದು ಅವನಿಗೆ ಮರೆತೇಹೋಯಿತು.

"ಓ," ಎಂದ.